ಮಿಷನ್ ಪೀಕೋ, ಉಮುನಮ್ಮೋ, ಡಯಾಬ್ಲೊವೋ: ಬೇ ಏರಿಯಾದಲ್ಲಿ ಬೆಟ್ಟ ಆರಿಸುವ ಮುನ್ನ

ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಜೆಟ್‌ಲ್ಯಾಗ್ ಕಳೆದು ನಿದ್ದೆ ಒಂದು ಹದಕ್ಕೆ ಬಂದ ಮೇಲೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಫ್ರೀಮಾಂಟ್, ಮಿಲ್ಪಿಟಸ್, ಸನ್ನಿವೇಲ್ ಕಡೆಯ ಕನ್ನಡದ ಮನೆಗಳಲ್ಲಿ ವಾರಾಂತ್ಯದ ಮಾತು ಬೆಟ್ಟದ ಕಡೆಗೆ ಹೊರಳುತ್ತದೆ. ಮೊದಲು ಬರುವ ಹೆಸರು ಮಿಷನ್ ಪೀಕ್. 680 ಹೆದ್ದಾರಿಯಲ್ಲಿ ಹೋಗುವಾಗಲೆಲ್ಲ ಕಣ್ಣೆದುರೇ ನಿಂತಿರುತ್ತದೆ, ಆಫೀಸಿನಲ್ಲಿ ಎಲ್ಲರೂ ಹತ್ತಿ ಬಂದವರೇ, ಮನೆಯಿಂದ ಇಪ್ಪತ್ತು ನಿಮಿಷ.

ಆದರೆ ಊರಿನವರು ಬರುವುದು ಹೆಚ್ಚಾಗಿ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ. ಮಿಷನ್ ಪೀಕ್ ಹತ್ತಲು ವರ್ಷದಲ್ಲೇ ಕೆಟ್ಟ ಕಾಲ ಅದು. ಮರವಿಲ್ಲದ, ನೀರಿಲ್ಲದ, ಒಂದೇ ಸಮನೆ ಏರುವ ದಾರಿಗೆ ಅರವತ್ತೈದು ದಾಟಿದವರನ್ನು ಹತ್ತು ಗಂಟೆಯ ಬಿಸಿಲಲ್ಲಿ ಕರೆದೊಯ್ದರೆ ಅರ್ಧದಲ್ಲೇ ಕೂರಬೇಕಾಗುತ್ತದೆ. ಕೂತಲ್ಲಿ ನೆರಳಿಲ್ಲ. ಬೆಟ್ಟ ಆರಿಸುವಾಗ ಹೆಸರು, ಎತ್ತರ ಎರಡನ್ನೂ ಕೊನೆಗಿಡಿ. ಮೊದಲು ಕೇಳಬೇಕಾದವು ಮೂರು: ಇದು ಯಾವ ತಿಂಗಳು? ದಾರಿಯಲ್ಲಿ ನೆರಳೆಷ್ಟು? ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು?

ಎತ್ತರವಲ್ಲ, ಏರು

ಫಲಕಗಳಲ್ಲಿ ಬರೆದಿರುವುದು ಸಮುದ್ರಮಟ್ಟದಿಂದ ಎತ್ತರ. ನಿಮ್ಮ ಕಾಲಿಗೆ ಬೇಕಾದ ಲೆಕ್ಕ ಕಾರು ನಿಲ್ಲಿಸಿದ ಜಾಗದಿಂದ ತುದಿಯವರೆಗಿನ ಏರು. ಮಿಷನ್ ಪೀಕ್ 2,517 ಅಡಿ, ಮೌಂಟ್ ಉಮುನಮ್ 3,486 ಅಡಿ. ಕಾಗದದ ಮೇಲೆ ಉಮುನಮ್ ದೊಡ್ಡದು. ಆದರೆ ಮಿಷನ್ ಪೀಕ್‌ನಲ್ಲಿ ನೀವು 400 ಅಡಿಯ ಆಸುಪಾಸಿನಿಂದ ಹೊರಟು 2,100 ಅಡಿ ಹತ್ತುತ್ತೀರಿ. ಉಮುನಮ್‌ನಲ್ಲಿ ಕಾರೇ ಬಹುಪಾಲು ಹತ್ತಿರುತ್ತದೆ, ನಡೆದು ಏರುವುದು 1,150 ಅಡಿ.

ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಅಂದಾಜು ಸುಲಭ. ಆ ಸಾವಿರ ಮೆಟ್ಟಿಲಿನ ಏರು ಸಾವಿರ ಅಡಿಗೆ ಹತ್ತಿರ. ಮಿಷನ್ ಪೀಕ್ ಎಂದರೆ ಒಂದರ ಮೇಲೊಂದು ಎರಡು ಚಾಮುಂಡಿ ಬೆಟ್ಟ. ಮೆಟ್ಟಿಲಿಲ್ಲ, ನಂದಿಯ ಬಳಿ ನಿಂತು ಸುಧಾರಿಸಿಕೊಳ್ಳುವ ತಾವೂ ಇಲ್ಲ. ಉಮುನಮ್ ಒಂದೇ ಚಾಮುಂಡಿ, ಅದನ್ನೂ 3.7 ಮೈಲಿಗೆ ಎಳೆದು ಹರಡಿದ್ದಾರೆ. ನೂರು ಅಡಿ ನಡೆದರೆ ಮಿಷನ್ ಪೀಕ್‌ನಲ್ಲಿ ಸರಾಸರಿ 13 ಅಡಿ ಮೇಲೇರುತ್ತೀರಿ, ಉಮುನಮ್‌ನಲ್ಲಿ 6 ಅಡಿ. ಮಂಡಿ ನೋವಿರುವವರಿಗೆ ಈ ಒಂದು ವ್ಯತ್ಯಾಸವೇ ಸಾಕು.

ವೇಳೆಯ ಲೆಕ್ಕಕ್ಕೆ ಹಳೆಯ ಸೂತ್ರವೊಂದಿದೆ: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 1,000 ಅಡಿ ಏರಿಗೆ ಅರ್ಧ ಗಂಟೆ. ಮಿಷನ್ ಪೀಕ್ ಹತ್ತಲು ಹೀಗೆ ಎರಡು ಗಂಟೆ ಬರುತ್ತದೆ. ಅದು ಅಭ್ಯಾಸವಿರುವ, ಎಲ್ಲೂ ಕೂರದೆ ನಡೆಯುವವರ ಲೆಕ್ಕ. ಮಕ್ಕಳಿದ್ದರೆ, ಹಿರಿಯರಿದ್ದರೆ ಒಂದೂವರೆ ಪಟ್ಟು ಮಾಡಿ, ನಿಂತು ಕೂತು ಹೋಗುವ ಸಮಯವನ್ನು ಬೇರೆಯಾಗಿ ಸೇರಿಸಿ. ಇಳಿಯುವುದಕ್ಕೆ ಅರ್ಧ ಸಾಕು ಎಂದುಕೊಳ್ಳುವುದು ತಪ್ಪು. ಜಲ್ಲಿ ಹರಡಿದ ಕಡಿದಾದ ಇಳಿಜಾರಿನಲ್ಲಿ ಹಿರಿಯರು ಹತ್ತಿದಷ್ಟೇ ಹೊತ್ತು ತೆಗೆದುಕೊಳ್ಳುತ್ತಾರೆ.

ಮಿಷನ್ ಪೀಕ್: ಚಳಿಗಾಲದ ಬೆಟ್ಟ

ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಒಂದು ಮಾತಿನಲ್ಲಿ ಹೇಳಬಹುದು. ಅಲ್ಲಿ ನಡುದಾರಿಯ ಭಟ್ಟರ ಮನೆಯವರೆಗೆ ಕಾಡಿನ ನೆರಳು, ಆಮೇಲೆ ಬೋಳು ಹುಲ್ಲುಗಾವಲಿನ ಬಿಸಿಲು. ಮಿಷನ್ ಪೀಕ್‌ನಲ್ಲಿ ಹೆಚ್ಚುಕಡಿಮೆ ಮೊದಲ ಹೆಜ್ಜೆಯಿಂದ ಕೊನೆಯವರೆಗೂ ಭಟ್ಟರ ಮನೆ ದಾಟಿದ ಮೇಲಿನ ದಾರಿಯೇ. ಒಟ್ಟು ಏರು ಕುಮಾರ ಪರ್ವತದ ಅರ್ಧವೂ ಇಲ್ಲ, ಆದರೆ ಬಿಸಿಲಿಗೆ ಮರೆ ಎಂಬುದಿಲ್ಲ.

ಹತ್ತಲು ಎರಡು ಮುಖ್ಯ ದಾರಿ. ಸ್ಟ್ಯಾನ್‌ಫರ್ಡ್ ಅವೆನ್ಯೂ ಕೊನೆಯಿಂದ ಹೊರಡುವ ಹಿಡನ್ ವ್ಯಾಲಿ ಟ್ರೇಲ್, ಹೋಗಿಬರಲು ಸುಮಾರು 6 ಮೈಲಿ. ಇನ್ನೊಂದು ಓಲೋನಿ ಕಾಲೇಜಿನ ಆವರಣದಿಂದ ಹೊರಡುವುದು. ಇದು ಹೋಗಿಬರುವಾಗ ಒಂದು ಮೈಲಿಯಷ್ಟು ಹೆಚ್ಚು, ಏರು ಹೆಚ್ಚುಕಡಿಮೆ ಅಷ್ಟೇ. ಆರಂಭದಲ್ಲಿ ಸ್ವಲ್ಪ ಮರಗಳಿವೆ, ಜನ ಕಡಿಮೆ, ಏರು ಕೊಂಚ ಹಂಚಿಹೋಗುತ್ತದೆ.

ಇವೆರಡರಲ್ಲಿ ನಮ್ಮ ಆಯ್ಕೆ ಕಾಲೇಜಿನ ಕಡೆಯದು. ಕಾರಣ ಪಾರ್ಕಿಂಗ್. ಸ್ಟ್ಯಾನ್‌ಫರ್ಡ್ ಅವೆನ್ಯೂದಲ್ಲಿ ನಲವತ್ತು ಚಿಲ್ಲರೆ ಕಾರಿಗೆ ಮಾತ್ರ ಜಾಗ. ಶನಿವಾರ ಬೆಳಗ್ಗೆ ಏಳರ ಹೊತ್ತಿಗೇ ಅದು ತುಂಬಿರುತ್ತದೆ. ಸುತ್ತಲಿನ ಬೀದಿಗಳಲ್ಲಿ ನಿವಾಸಿಗಳಿಗೆ ಮಾತ್ರ ಎಂಬ ಪರ್ಮಿಟ್ ನಿಯಮವಿದೆ. ಬೋರ್ಡು ಓದದೆ ನಿಲ್ಲಿಸಿದರೆ ಇಳಿದು ಬರುವಷ್ಟರಲ್ಲಿ ವೈಪರ್ ಕೆಳಗೆ ದಂಡದ ಚೀಟಿ ಇರುತ್ತದೆ. ಕಾಲೇಜಿನಲ್ಲಿ ದಿನದ ಪಾರ್ಕಿಂಗ್ ಪಾಸ್ ಕೊಂಡು ನಿಶ್ಚಿಂತೆಯಿಂದ ಹೋಗಬಹುದು. ಡ್ರೈವಿಂಗ್ ಲೈಸೆನ್ಸ್ ಇನ್ನೂ ಆಗದೆ ಮನೆಯಲ್ಲೇ ಕೂತಿರುವವರಿಗೆ ಇನ್ನೊಂದು ಅನುಕೂಲ: ಕಾಲೇಜಿನವರೆಗೆ ಸಿಟಿ ಬಸ್ ಬರುತ್ತದೆ.

ಸ್ಟ್ಯಾನ್‌ಫರ್ಡ್ ಕಡೆಯೇ ಬೇಕೆಂದರೆ ಗೇಟು ತೆರೆಯುವ ಆರೂವರೆಗೇ ಅಲ್ಲಿರಿ. ಪಾರ್ಕಿಂಗ್ ಸಿಗುತ್ತದೆಂಬುದಷ್ಟೇ ಅಲ್ಲ. ಈ ದಾರಿ ಬೆಟ್ಟದ ಪಶ್ಚಿಮದ ಮೈಯಲ್ಲಿದೆ. ಸೂರ್ಯ ಬೆಟ್ಟದ ಹಿಂದಿನಿಂದ ಹುಟ್ಟುವುದರಿಂದ ಬೆಳಗಿನ ಮೊದಲ ಹೊತ್ತು ಬೆಟ್ಟವೇ ನಿಮಗೆ ನೆರಳು ಕೊಡುತ್ತದೆ. ಈ ದಾರಿಯಲ್ಲಿ ಸಿಗುವ ದೊಡ್ಡ ನೆರಳು ಅದೊಂದೇ. ಮಧ್ಯಾಹ್ನದ ಮೇಲೆ ಇದೇ ಮೈ ಬಿಸಿಲನ್ನು ನೇರವಾಗಿ ಹೀರುತ್ತದೆ. ಸೂರ್ಯಾಸ್ತ ನೋಡಲೆಂದು ಬೇಸಿಗೆಯಲ್ಲಿ ನಾಲ್ಕು ಗಂಟೆಗೆ ಹೊರಡುವವರು ದಿನವಿಡೀ ಕಾದ ಹೆಂಚಿನ ಮೇಲೆ ಹತ್ತುತ್ತಾರೆ, ಆಮೇಲೆ ಕತ್ತಲಲ್ಲಿ ಇಳಿಯುತ್ತಾರೆ. ಗೇಟು ಮುಚ್ಚುವ ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮೀರಿದರೆ ದಂಡ.

ಎಡವುವುದು ಎಲ್ಲಿ? ಕೊನೆಯ ಕಾಲು ಮೈಲಿ. ಅಲ್ಲಿಯವರೆಗೆ ಅಗಲವಾದ ಜೀಪು ದಾರಿ, ಅಲ್ಲಿಂದ ಸಡಿಲ ಕಲ್ಲು, ಮೊನಚು ಬಂಡೆ. ಹತ್ತುವಾಗ ಕಷ್ಟವೆನಿಸದಿದ್ದರೂ ಇಳಿಯುವಾಗ ಹೆಜ್ಜೆ ಜಾರುವುದು ಇಲ್ಲೇ. ನೆತ್ತಿಯಲ್ಲಿ 1990ರಲ್ಲಿ ನೆಟ್ಟ ಕಂಬವೊಂದಿದೆ. ಅದರ ಕೊಳವೆಗಳಲ್ಲಿ ಕಣ್ಣಿಟ್ಟರೆ ಸುತ್ತಲಿನ ಒಂದೊಂದು ಹೆಗ್ಗುರುತು ಕಾಣುವಂತೆ ಮಾಡಿದ್ದಾರೆ. ಜನ ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳಲು ಸಾಲು ನಿಲ್ಲುತ್ತಾರೆ. ಗಾಳಿ ಜೋರಾಗಿರುವ ತಾವು, ಸುತ್ತ ಬಂಡೆ. ಪಕ್ಕದಲ್ಲಿ ನಿಂತರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಬೆವರಿದ ಮೈಗೆ ಆ ಗಾಳಿ ತಟ್ಟನೆ ಚಳಿ ಹಿಡಿಸುವುದರಿಂದ ಬೇಸಿಗೆಯಲ್ಲೂ ಒಂದು ತೆಳು ಜಾಕೆಟ್ ಚೀಲದಲ್ಲಿರಲಿ.

ದಾರಿಯುದ್ದಕ್ಕೂ ಹಸುಗಳು ಮೇಯುತ್ತಿರುತ್ತವೆ. ನಮ್ಮ ಊರಿನ ಹಸುಗಳಂತೆ ಮೈದಡವಿಸಿಕೊಂಡು ಬೆಳೆದವಲ್ಲ. ಕರುವಿಗೂ ತಾಯಿಗೂ ನಡುವೆ ಹಾದುಹೋಗಬೇಡಿ, ಮುಟ್ಟಿ ನಮಸ್ಕರಿಸಲು ಅಮ್ಮ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಇಷ್ಟಾದರೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಈ ಬೆಟ್ಟಕ್ಕೆ ಸಾಟಿಯಿಲ್ಲ. ಮಳೆ ಬಿದ್ದು ಇಡೀ ಗುಡ್ಡ ಪಚ್ಚೆಯಾಗಿರುತ್ತದೆ, ಅಲ್ಲಲ್ಲಿ ಕಿತ್ತಳೆ ಬಣ್ಣದ ಕ್ಯಾಲಿಫೋರ್ನಿಯಾ ಪಾಪಿ ಹೂ, ಕೆಳಗೆ ಕೊಲ್ಲಿಯ ನೀರು. ಒಂದೇ ಎಚ್ಚರ: ಮಳೆಯ ಮರುದಿನ ಹೋಗಬೇಡಿ. ಇಲ್ಲಿನ ಜೇಡಿಮಣ್ಣು ಉತ್ತರ ಕರ್ನಾಟಕದ ಎರೆಮಣ್ಣಿನ ಹಾಗೆ. ನಾಲ್ಕು ಹೆಜ್ಜೆಗೆ ಶೂ ಅಡಿಯಲ್ಲಿ ಎರಡು ಇಂಚು ದಪ್ಪದ ಹೆಂಟೆ ಕಟ್ಟುತ್ತದೆ, ಅಡಿಯ ಹಲ್ಲು ಮುಚ್ಚಿಹೋಗುತ್ತದೆ, ಆಮೇಲೆ ಇಳಿಜಾರಿನಲ್ಲಿ ಹಿಡಿತವೇ ಇರುವುದಿಲ್ಲ. ಎರಡು ಮೂರು ಒಣ ದಿನ ಕಳೆದು ಹೋಗಿ.

ಪಕ್ಕದ ಮಾನ್ಯುಮೆಂಟ್ ಪೀಕ್

ಅದೇ ಸಾಲಿನಲ್ಲಿ ದಕ್ಷಿಣಕ್ಕಿರುವ ಮಾನ್ಯುಮೆಂಟ್ ಪೀಕ್ 2,594 ಅಡಿ, ಮಿಷನ್ ಪೀಕ್‌ಗಿಂತ ತುಸು ಎತ್ತರ. ಮಿಲ್ಪಿಟಸ್‌ನ ಎಡ್ ಲೆವಿನ್ ಕೌಂಟಿ ಪಾರ್ಕಿನಿಂದ ಹೋಗಿಬರಲು 8 ಮೈಲಿ ಹತ್ತಿರ. ಬಿಸಿಲು, ಕೆಸರು, ಏರು ಎಲ್ಲವೂ ಮಿಷನ್ ಪೀಕ್‌ನವೇ. ಜನಜಂಗುಳಿ ಮಾತ್ರ ಇಲ್ಲ. ವಾಹನಕ್ಕೆ ಶುಲ್ಕವಿದೆ, ಬದಲಿಗೆ ಜಾಗ ಸಿಗುವ ಭರವಸೆಯಿದೆ. ಆದರೆ ಪಾರ್ಕ್ ತೆರೆಯುವುದು ಎಂಟಕ್ಕೆ. ಬೇಸಿಗೆಯಲ್ಲಿ ಅದು ತಡವಾಯಿತು. ತುದಿಯಲ್ಲಿ ಆಂಟೆನಾ ಗೋಪುರಗಳಿರುವುದರಿಂದ ಮಿಷನ್ ಪೀಕ್‌ನಷ್ಟು ಚೆಂದದ ನೆತ್ತಿ ಅಲ್ಲ. ಇದರ ನಿಜವಾದ ಲಾಭ ಕೆಳಗಿನ ಸ್ಯಾಂಡಿ ವೂಲ್ ಕೆರೆ. ಅರ್ಧ ಕುಟುಂಬ ಬೆಟ್ಟ ಹತ್ತುವಾಗ ಉಳಿದವರು ಕೆರೆಯ ಸುತ್ತ ಅಡ್ಡಾಡಿ, ಮರದ ಕೆಳಗಿನ ಮೇಜಿನಲ್ಲಿ ಬುತ್ತಿ ಬಿಚ್ಚಿ ಕೂರಬಹುದು. ಮಿಷನ್ ಪೀಕ್‌ನ ಬುಡದಲ್ಲಿ ಹಾಗೆ ಕಾಯುವ ಜಾಗವಿಲ್ಲ.

ಉಮುನಮ್: ಹಿರಿಯರಿದ್ದರೆ ಇದೇ

ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ಬೆಟ್ಟದ ತುದಿಯಲ್ಲಿ ನಿಲ್ಲಿಸಬೇಕೆಂದರೆ ನಮ್ಮ ಮೊದಲ ಮತ ಉಮುನಮ್‌ಗೆ. ಸ್ಯಾನ್ ಹೋಸೆಯ ದಕ್ಷಿಣಕ್ಕೆ ಸಿಯೆರಾ ಅಜೂಲ್ ಎಂಬ ಕಾಯ್ದಿಟ್ಟ ಕಾಡಿನಲ್ಲಿದೆ. ಇಡೀ ಕಣಿವೆಯಿಂದ ಕಾಣುವ, ನೆತ್ತಿಯ ಮೇಲೆ ಕಾಂಕ್ರೀಟಿನ ಚೌಕ ಗೋಪುರ ಹೊತ್ತ ಬೆಟ್ಟ ಇದೇ. ಆ ಗೋಪುರ ಶೀತಲ ಸಮರದ ಕಾಲದ ರಾಡಾರ್ ಕಟ್ಟಡ. ವಾಯುಪಡೆಯ ಠಾಣೆ 1980ರಲ್ಲಿ ಮುಚ್ಚಿತು. ನೆತ್ತಿ ಜನರಿಗೆ ತೆರೆದದ್ದು 2017ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಬಹಳ ಹಿಂದಿನಿಂದ ಇದು ಇಲ್ಲಿನ ಮೂಲನಿವಾಸಿಗಳಾದ ಅಮಾ ಮುತ್ಸುನ್ ಜನರಿಗೆ ಪವಿತ್ರ ಬೆಟ್ಟ. ಹಮ್ಮಿಂಗ್‌ಬರ್ಡ್ ತಂಗುವ ತಾಣ ಎಂಬುದು ಹೆಸರಿನ ಅರ್ಥ. ನೆತ್ತಿಯಲ್ಲಿ ಅವರ ಪ್ರಾರ್ಥನೆಯ ವೃತ್ತವಿದೆ. ದೇವಸ್ಥಾನದ ಅಂಗಳದಲ್ಲಿ ನಡೆದುಕೊಳ್ಳುವಂತೆ ಅಲ್ಲಿ ನಡೆದುಕೊಳ್ಳಬೇಕು.

ಇದನ್ನು ಮೇಲೆ ಇಡಲು ಕಾರಣ, ತುದಿಯವರೆಗೂ ಕಾರು ಹೋಗುತ್ತದೆ. ಬೋಲ್ಡ್ ಮೌಂಟನ್ ಹೆಸರಿನ ಪಾರ್ಕಿಂಗ್‌ನಿಂದ ನೆತ್ತಿಗೆ 3.7 ಮೈಲಿಯ ಕಾಲುದಾರಿ, ಅದೇ ರಸ್ತೆ ಮುಂದುವರಿದು ನೆತ್ತಿಯ ಪಾರ್ಕಿಂಗ್‌ಗೆ. ನಡೆಯದೆ ಡ್ರೈವ್ ಮಾಡುವವರು ಒಬ್ಬರಿದ್ದರೆ ಸಾಕು. ನಡೆಯುವವರನ್ನು ಕೆಳಗೆ ಇಳಿಸಿ, ಅವರು ಹಿರಿಯರನ್ನು ಕರೆದುಕೊಂಡು ಒಂದೂಮುಕ್ಕಾಲು ಗಂಟೆ ಬಿಟ್ಟು ಮೇಲೆ ಹೋಗಲಿ. ನಡೆದು ಬಂದವರೂ ಕಾರಲ್ಲಿ ಬಂದವರೂ ಒಂದೇ ಹೊತ್ತಿಗೆ ನೆತ್ತಿಯಲ್ಲಿ ಸೇರುತ್ತಾರೆ. ಬುತ್ತಿ ಕಾರಿನಲ್ಲಿ ಮೇಲೆ ಬಂದಿರುತ್ತದೆ. ಇಳಿಯುವಾಗ ಎಲ್ಲರೂ ಕಾರಲ್ಲೇ. ಮಂಡಿಗೆ ಪೆಟ್ಟು ಕೊಡುವ ಇಳಿಜಾರಿನ ನಡಿಗೆಯೇ ತಪ್ಪಿಹೋಯಿತು. ಇನ್ನೂ ಒಂದು ದಾರಿಯಿದೆ: ತುಸು ಗಟ್ಟಿಯಿರುವ ಹಿರಿಯರು ಕೆಳಗಿನಿಂದ ಒಂದು ಮೈಲಿ ನಡೆದು, ಮರಳಿ ಬಂದು ಕಾರು ಹತ್ತಿ ಮೇಲೆ ಬರಲಿ. ಬೆಟ್ಟ ನಡೆದ ಸಂತೋಷವೂ ಆಯಿತು, ತುದಿಯೂ ಸಿಕ್ಕಿತು.

ದಾರಿ ಬಹುಪಾಲು ಮರ-ಪೊದೆಗಳ ನಡುವೆ ಹೋಗುತ್ತದೆ, ಏರು ಹದವಾಗಿದೆ, ತಿರುವುಗಳು ಹೆಚ್ಚು. ಕುಡಿಯುವ ನೀರು ಕೆಳಗೂ ಇಲ್ಲ, ಮೇಲೂ ಇಲ್ಲ ಎಂದುಕೊಂಡೇ ಹೊರಡಿ. ಪಾರ್ಕಿಂಗ್‌ಗೆ ಹಣವಿಲ್ಲ. ರಸ್ತೆ ತೆರೆಯುವುದು ಬೆಳಗ್ಗೆ ಏಳಕ್ಕೆ, ಸೂರ್ಯಾಸ್ತವಾಗಿ ಅರ್ಧ ಗಂಟೆಗೆ ಮುಚ್ಚುತ್ತದೆ. ನಾಯಿಗಳಿಗೆ ಪ್ರವೇಶವಿಲ್ಲ.

ಕೆಡುವುದು ರಸ್ತೆಯಲ್ಲಿ. ಹಿಕ್ಸ್ ರೋಡ್ ಬಿಟ್ಟ ಮೇಲಿನ ಏರು ಕಡಿದು, ಇಕ್ಕಟ್ಟು, ತಿರುವು ಮೇಲೆ ತಿರುವು. ಸೈಕಲ್ ತುಳಿಯುವವರು ಬೇರೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಆಗುಂಬೆ ಘಾಟಿಯಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಹೊಟ್ಟೆ ತುಂಬ ದೋಸೆ ತಿಂದು ಹೊರಡಬೇಡಿ, ವಾಂತಿ ಬರುವ ಅಭ್ಯಾಸವಿರುವವರನ್ನು ಮುಂದೆ ಕೂರಿಸಿ. ಇಳಿಯುವಾಗ ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಸುಟ್ಟ ವಾಸನೆ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಪೆಟ್ರೋಲ್ ಕಾರನ್ನು ಕೆಳ ಗೇರಿಗೆ ಹಾಕಿ. ಆಟೋಮ್ಯಾಟಿಕ್‌ನಲ್ಲೂ ಎಲ್ ಅಥವಾ ಬಿ ಗುರುತು ಅದಕ್ಕೇ ಇರುವುದು. ರಸ್ತೆಯ ಇಕ್ಕೆಲ ಖಾಸಗಿ ಜಮೀನಾದ್ದರಿಂದ ಫೋಟೊಗೆಂದು ನಡುವೆ ನಿಲ್ಲಿಸುವಂತಿಲ್ಲ.

ಬ್ಲ್ಯಾಕ್ ಮೌಂಟನ್: ಬೇಸಿಗೆಯ ಬೆಳಗಿಗೆ

ಕ್ಯೂಪರ್ಟಿನೊ, ಲಾಸ್ ಆಲ್ಟೋಸ್ ಕಡೆಯವರಿಗೆ ಹತ್ತಿರದ್ದು 2,800 ಅಡಿಯ ಬ್ಲ್ಯಾಕ್ ಮೌಂಟನ್. ಪೇಜ್ ಮಿಲ್ ರಸ್ತೆಯ ಮೇಲ್ಭಾಗದ ಮಾಂಟೆ ಬೆಲ್ಲೊ ಪಾರ್ಕಿಂಗ್‌ನಿಂದ ಹೊರಟರೆ ದಾರಿ ನೋಡಿಕೊಂಡು ಐದಾರು ಮೈಲಿ, ಏರು ಸಾವಿರ ಅಡಿಯೊಳಗೆ. ಪಾರ್ಕಿಂಗ್‌ಗೆ ಹಣವಿಲ್ಲ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆಯೇ ಒಳಗೆ ಬಿಡುವುದರಿಂದ ಬೇಸಿಗೆಯಲ್ಲಿ ಎಲ್ಲರಿಗಿಂತ ಬೇಗ ಹತ್ತಿ ಮುಗಿಸಬಹುದಾದ ಬೆಟ್ಟ ಇದೇ.

ಇಲ್ಲಿ ಎರಡು ಬಗೆಯ ನೆಲವಿದೆ. ಮೇಲಿನ ದಿಣ್ಣೆಯೆಲ್ಲ ಬೋಳು ಹುಲ್ಲು. ಕೆಳಗೆ ಸ್ಟೀವನ್ಸ್ ಕ್ರೀಕ್ ಹಳ್ಳದ ಬದಿಯಲ್ಲಿ ಬೇ ಮರ, ಓಕ್, ಡಗ್ಲಸ್ ಫರ್‌ಗಳ ದಟ್ಟ ನೆರಳು. ಬೇ ಮರದ ಎಲೆ ಹಿಸುಕಿ ಮೂಸಿದರೆ ಪಲಾವಿನ ಎಲೆಯದೇ ಗುಂಪು ಎನಿಸುವ, ಅದಕ್ಕಿಂತ ಬಹಳ ಘಾಟಾದ ವಾಸನೆ. ಆ ಹಳ್ಳ ಹರಿಯುವುದು ಸ್ಯಾನ್ ಆಂಡ್ರಿಯಾಸ್ ಬಿರುಕಿನ ಗುಂಟ. ಭೂಕಂಪದ ಪಾಠ ಓದುತ್ತಿರುವ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಬೇಸಿಗೆಯ ಎಷ್ಟೋ ಬೆಳಗು ದಿಣ್ಣೆಯಿಂದ ಪಶ್ಚಿಮಕ್ಕೆ ನೋಡಿದರೆ ಸಮುದ್ರದ ಮಂಜು ಕಣಿವೆ ತುಂಬಿ ನಿಂತಿರುತ್ತದೆ. ಮುಳ್ಳಯ್ಯನಗಿರಿಯಲ್ಲಿ ಮಳೆಗಾಲ ಮುಗಿದ ಮೇಲೆ ಕಾಣುವ ನೋಟದ ಹಾಗೆಯೇ.

ಚಿಕ್ಕ ಮಕ್ಕಳಿದ್ದರೆ ನೆತ್ತಿಯ ಆಸೆ ಬಿಟ್ಟು ಹಳ್ಳದ ಬದಿಯ ನೇಚರ್ ಟ್ರೇಲ್‌ನಲ್ಲೇ ಅಡ್ಡಾಡಿ. ಆದರೆ ಹಳ್ಳಕ್ಕೆ ಮೊದಲು ಇಳಿದು ಆಮೇಲೆ ಹತ್ತಬೇಕು. ಹೋಗುವಾಗ ಹಾರಿಕೊಂಡು ಹೋದ ಮಗು ಬರುವಾಗ ಹೆಗಲೇರುತ್ತದೆ. ದೊಡ್ಡ ಚಾರಣಕ್ಕೆ ತಯಾರಿ ಮಾಡುವವರು ಲಾಸ್ ಆಲ್ಟೋಸ್ ಹಿಲ್ಸ್‌ನ ರಸ್ ರಿಜ್ ಕಡೆಯಿಂದ ಹತ್ತಲಿ: ಹೋಗಿಬರಲು ಹತ್ತು ಮೈಲಿ ಹತ್ತಿರ, ಏರು ಮಿಷನ್ ಪೀಕ್‌ಗಿಂತ ಹೆಚ್ಚು.

ಡಯಾಬ್ಲೊ

3,849 ಅಡಿಯ ಮೌಂಟ್ ಡಯಾಬ್ಲೊ ಸ್ಯಾನ್ ರಮೋನ್, ಡಬ್ಲಿನ್ ಕಡೆಯವರ ಬೆಟ್ಟ. ಒಂಟಿಯಾಗಿ ಎದ್ದು ನಿಂತಿರುವುದರಿಂದ ಚಳಿಗಾಲದ ತಿಳಿ ದಿನಗಳಲ್ಲಿ ಸಿಯೆರಾ ನೆವಾಡದ ಹಿಮದ ಸಾಲು ಕಾಣುತ್ತದೆ. ಉತ್ತರ ಕ್ಯಾಲಿಫೋರ್ನಿಯಾ, ನೆವಾಡಗಳ ಜಮೀನು ಅಳೆಯಲು 1851ರಲ್ಲಿ ಮೂಲಬಿಂದುವಾಗಿ ಇಟ್ಟುಕೊಂಡದ್ದು ಇದೇ ನೆತ್ತಿಯನ್ನು. ಅಸಲಿ ತುದಿಯ ಬಂಡೆ ಕಲ್ಲುಕಟ್ಟಡದ ಮ್ಯೂಸಿಯಮ್ಮಿನ ನೆಲದಿಂದಲೇ ಮೇಲೆದ್ದಿದೆ, ಒಳಗೆ ಹೋಗಿ ಮುಟ್ಟಬಹುದು.

ಇಲ್ಲೂ ತುದಿಯವರೆಗೆ ರಸ್ತೆಯಿದೆ. ವಾಹನಕ್ಕೆ ಶುಲ್ಕ ಕೊಡಬೇಕು. ಹಿರಿಯರಿಗೆ ನೆತ್ತಿಯ ಸುತ್ತಿನ 0.7 ಮೈಲಿಯ ಮೇರಿ ಬೋವರ್‌ಮನ್ ಟ್ರೇಲ್ ಚೆನ್ನ. ಅದರ ಮೊದಲ ಭಾಗ ಗಾಲಿಕುರ್ಚಿಗೂ ಆಗುವಂತಿದೆ. ಮಧ್ಯಮ ನಡಿಗೆಗೆ ಜುನಿಪರ್ ಕ್ಯಾಂಪ್‌ಗ್ರೌಂಡ್ ಬಳಿ ಕಾರು ಬಿಟ್ಟು ಉಳಿದ 900 ಅಡಿಯಷ್ಟನ್ನು ಹತ್ತಬಹುದು. ಪೂರ್ತಿ ಬೆಟ್ಟವನ್ನು ಬುಡದಿಂದ ಹತ್ತಬೇಕೆಂದರೆ ಮಿಚೆಲ್ ಕ್ಯಾನ್ಯನ್: ಹೋಗಿಬರಲು 13 ಮೈಲಿಗೂ ಮಿಕ್ಕಿ, 3,200 ಅಡಿಗೂ ಮೀರಿದ ಏರು, ಇಡೀ ದಿನದ ಕೆಲಸ. ಇದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಲೇಬೇಡಿ. ಸಮುದ್ರದ ತಂಪು ಗಾಳಿ ಇಲ್ಲಿಗೆ ಮುಟ್ಟುವುದಿಲ್ಲ, 38 ಡಿಗ್ರಿ ದಾಟುವುದು ಮಾಮೂಲು. ಮೇಲಿನ ರಸ್ತೆಯ ಗೇಟು ತೆರೆಯುವುದೂ ಎಂಟಕ್ಕೆ. ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಬೀಗ ಬೀಳುತ್ತದೆ, ಸೂರ್ಯಾಸ್ತ ಪೂರ್ತಿ ನೋಡಿ ಇಳಿಯುವ ಯೋಚನೆ ಇಟ್ಟುಕೊಳ್ಳಬೇಡಿ.

ಯಾರನ್ನು ಎಲ್ಲಿಗೆ

ಮನೆಯ ಹತ್ತಿರ ಸಮತಟ್ಟಿನಲ್ಲಿ ಒಂದು ಗಂಟೆ ಕೂರದೆ ನಡೆಯಲು ಆಗದವರಿಗೆ ಉಮುನಮ್ ಅಥವಾ ಡಯಾಬ್ಲೊ, ಕಾರಿನಲ್ಲಿ. ಒಂದು ಗಂಟೆ ನಡೆಯಬಲ್ಲರು, ಮೆಟ್ಟಿಲು ಕಂಡರೆ ಮಂಡಿ ಹಿಡಿದುಕೊಳ್ಳುತ್ತಾರೆ ಎಂದರೆ ಉಮುನಮ್‌ನ ಕಾಲುದಾರಿ, ಏರಿಗೆ ಮಾತ್ರ. ಊರಲ್ಲಿ ಚಾಮುಂಡಿಯನ್ನೋ ನಂದಿಯ ಮೆಟ್ಟಿಲನ್ನೋ ಈಗಲೂ ಹತ್ತುವವರಾದರೆ ಬ್ಲ್ಯಾಕ್ ಮೌಂಟನ್. ಅಲ್ಲಿ ಆರಾಮಾಗಿ ಮುಗಿಸಿದರೆ, ತಿಂಗಳೂ ಹೊಂದಿದರೆ, ಮಿಷನ್ ಪೀಕ್. ಈ ಮೆಟ್ಟಿಲನ್ನು ಹಾರಿ ಮೊದಲ ವಾರಕ್ಕೇ ಮಿಷನ್ ಪೀಕ್ ಎನ್ನಬೇಡಿ.

ಹತ್ತುವಾಗ ಪರೀಕ್ಷೆ ಒಂದೇ: ಒಂದು ಪೂರ್ತಿ ವಾಕ್ಯ ಉಸಿರು ಕಟ್ಟದೆ ಆಡಲು ಬರಬೇಕು. ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ವೇಗ ಹೆಚ್ಚಾಯಿತು. ನಮ್ಮ ಹಿರಿಯರು ‘ನನಗೇನೂ ಆಗಿಲ್ಲ, ನೀವು ನಡೀರಿ’ ಎನ್ನುತ್ತಾರೆ. ಮಾತು ಕೇಳಬೇಡಿ, ಉಸಿರು ಕೇಳಿ. ಎಲ್ಲರಿಗಿಂತ ನಿಧಾನದವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಮುಂದಿನವರು ನಿಂತು ಸುಧಾರಿಸಿಕೊಂಡು, ಇವರು ಬಂದು ಸೇರುತ್ತಲೇ ಹೊರಟುಬಿಡುತ್ತಾರೆ. ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ.

ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ನುಂಗುವವರಿಗೆ ಬಿಸಿಲಲ್ಲಿ ಮೈಯ ನೀರು ಬೇಗ ಇಳಿಯುತ್ತದೆ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಏರಿನಲ್ಲಿ ಸಕ್ಕರೆ ತಟ್ಟನೆ ಕುಸಿಯಬಹುದು. ಊರಿನ ವೈದ್ಯರನ್ನು ಮೊದಲೇ ಕೇಳಿಕೊಂಡು, ಗ್ಲೂಕೋಸ್ ಅಥವಾ ಬೆಲ್ಲದ ತುಂಡು ಅವರ ಜೇಬಿನಲ್ಲೇ ಇಡಿ, ನಿಮ್ಮ ಚೀಲದಲ್ಲಲ್ಲ. ವಿಸಿಟರ್ ಇನ್ಶೂರೆನ್ಸ್ ಕಾರ್ಡಿನ ಫೋಟೊ ಜೊತೆಗಿರುವ ಎಲ್ಲರ ಫೋನಿನಲ್ಲೂ ಇರಲಿ. ಮೊದಲೇ ಇದ್ದ ಕಾಯಿಲೆಗೆ ಆ ಪಾಲಿಸಿ ಎಷ್ಟು ಕೊಡುತ್ತದೆಂದು ಬೆಟ್ಟಕ್ಕೆ ಹೊರಡುವ ಮುನ್ನವೇ ಓದಿ. ಇಲ್ಲಿ ಆಂಬುಲೆನ್ಸಿಗೂ ಬಿಲ್ ಬರುತ್ತದೆ. ಹಾಗೆಂದು ಯಾರಾದರೂ ಬಿಸಿಲಿಗೆ ತಬ್ಬಿಬ್ಬಾಗಿ ಮಾತಾಡತೊಡಗಿದರೆ, ಎದೆ ಹಿಡಿದುಕೊಂಡರೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಲು ಒಂದು ಕ್ಷಣವೂ ಯೋಚಿಸಬೇಡಿ.

ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಕಾಡ್ಗಿಚ್ಚಿನ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ (ಎ.ಕ್ಯೂ.ಐ.) 100 ದಾಟಿದ ದಿನ ಹಿರಿಯರು, ಅಸ್ತಮಾ ಇರುವವರು ಯಾವ ಬೆಟ್ಟಕ್ಕೂ ಬೇಡ.

ನೀರು, ಬುತ್ತಿ, ಶೂ

ತಂಪು ದಿನದಲ್ಲಿ ತಲೆಗೆ ಗಂಟೆಗೆ ಅರ್ಧ ಲೀಟರ್, ಬಿಸಿಲಿನಲ್ಲಿ ಮುಕ್ಕಾಲರಿಂದ ಒಂದು ಲೀಟರ್. ಮಿಷನ್ ಪೀಕ್‌ಗೆ ಒಬ್ಬರಿಗೆ ಚಳಿಗಾಲದಲ್ಲಿ 2 ಲೀಟರ್, ಬೇಸಿಗೆಯಲ್ಲಿ 3. ನಾಲ್ವರಿಗೆ ಎರಡು ಸಣ್ಣ ಬಾಟಲಿ ಹಿಡಿದು ಹೊರಡುವುದು ಇಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಅರ್ಧ ನೀರು ಮುಗಿದಾಗ ಎಲ್ಲಿದ್ದರೂ ಹಿಂದಿರುಗಿ. ಬರೀ ನೀರು ಕುಡಿದರೆ ಬೆವರಿನಲ್ಲಿ ಹೋದ ಉಪ್ಪು ಮರಳುವುದಿಲ್ಲ, ಕಾಲಿನ ಮೀನಖಂಡ ಹಿಡಿದುಕೊಳ್ಳಬಹುದು. ಉಪ್ಪು ಹಾಕಿದ ನೀರು ಮಜ್ಜಿಗೆ ಒಂದು ಬಾಟಲಿ, ಜೊತೆಗೆ ಕೋಡುಬಳೆ, ಚಿಕ್ಕಿ ಸಾಕು. ಊಟಕ್ಕೆ ಪುಳಿಯೋಗರೆ ಕೆಡದೆ ಉಳಿಯುತ್ತದೆ. ಮೊಸರನ್ನ ಬಿಸಿಲಿನ ಚೀಲದಲ್ಲಿ ಹುಳಿಯಾಗುವುದರಿಂದ ಉಮುನಮ್‌ನ ಹಾಗೆ ಕಾರಲ್ಲಿ ಮೇಲೆ ಹೋಗುವಂತಿದ್ದರೆ ಮಾತ್ರ. ಕಿತ್ತಳೆ, ಬಾಳೆಹಣ್ಣಿನ ಸಿಪ್ಪೆಯನ್ನೂ ಮರಳಿ ತನ್ನಿ. ಈ ಒಣ ನೆಲದಲ್ಲಿ ಅವು ಬೇಗ ಕೊಳೆಯುವುದಿಲ್ಲ.

ಬೂಟೇ ಬೇಕೆಂದಿಲ್ಲ. ಅಡಿಯಲ್ಲಿ ಆಳವಾದ ಹಲ್ಲಿರುವ ರನ್ನಿಂಗ್ ಶೂ ಈ ಬೆಟ್ಟಗಳಿಗೆ ಸಾಕು. ಸವೆದು ನುಣುಪಾದ ಶೂ ಮತ್ತು ಚಪ್ಪಲಿ ಬೇಡ. ಅಮ್ಮ ಸೀರೆಯಲ್ಲೇ ನಡೆಯುತ್ತೇನೆಂದರೆ ನಡೆಯಲಿ, ನೆರಿಗೆ ತುಸು ಮೇಲೆ ಕಟ್ಟಿ ಶೂ ಹಾಕಿದರಾಯಿತು. ಇಳಿಯುವ ಮುನ್ನ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಮರುಕಟ್ಟಿ, ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ. ಊರುಗೋಲು ಇದ್ದರೆ ಹತ್ತುವಾಗಿನದಕ್ಕಿಂತ ಎರಡು ಇಂಚು ಉದ್ದ ಮಾಡಿ, ಹೆಜ್ಜೆ ಚಿಕ್ಕದಾಗಿಡಿ, ಮಂಡಿ ಸ್ವಲ್ಪ ಮಡಿಸಿಯೇ ಇಳಿಯಿರಿ.

ಮೂರೆಲೆಯ ಪೊದೆ, ಉಣುಗು, ಹಾವು

ಬೋಳು ಮಿಷನ್ ಪೀಕ್‌ನಲ್ಲಿ ಕಡಿಮೆ, ನೆರಳಿನ ದಾರಿಗಳಲ್ಲಿ ಹೆಚ್ಚು ಸಿಗುವುದು ಪಾಯ್ಸನ್ ಓಕ್. ನೆರಳಿಗೆ ಕೊಡಬೇಕಾದ ಬೆಲೆ ಇದು. ಒಂದು ತೊಟ್ಟಿಗೆ ಮೂರು ಎಲೆ, ವಸಂತದಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುವ ಹಸಿರು, ಬೇಸಿಗೆ ಕೊನೆಗೆ ಕೆಂಪು. ಚಳಿಗಾಲದಲ್ಲಿ ಎಲೆ ಉದುರಿ ಬರಿ ಕಡ್ಡಿಯಾಗಿ ನಿಂತರೂ ವಿಷ ಇದ್ದೇ ಇರುತ್ತದೆ. ಮಲೆನಾಡಿನವರಿಗೆ ಚೇರು ಮರದ ಸೊನೆ ಗೊತ್ತು, ಕರಾವಳಿಯವರಿಗೆ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಗೊತ್ತು, ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡದ್ದು ಎಲ್ಲರಿಗೂ ಗೊತ್ತು. ಇವೆಲ್ಲ ಒಂದೇ ಕುಟುಂಬದ ಗಿಡಗಳು, ಪಾಯ್ಸನ್ ಓಕ್ ಕೂಡ. ಊರಲ್ಲಿ ಮಾವಿನ ಸೊನೆಗೆ ಮೈ ಏಳುತ್ತಿದ್ದವರು ಇಲ್ಲಿ ಹೆಚ್ಚು ಜಾಗ್ರತೆಯಿಂದಿರಬೇಕು.

ತಾಗಿದ ಕ್ಷಣಕ್ಕೆ ಏನೂ ತಿಳಿಯುವುದಿಲ್ಲ. ಒಂದೆರಡು ದಿನ ಬಿಟ್ಟು ಗೆರೆಗೆರೆಯಾಗಿ ಗುಳ್ಳೆ ಏಳುತ್ತವೆ, ಎರಡು ವಾರ ತುರಿಕೆ. ಆದ್ದರಿಂದ ತಾಗಿತೆಂಬ ಅನುಮಾನ ಬಂದರೂ ಸಾಕು, ಆದಷ್ಟು ಬೇಗ ತಣ್ಣೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಬಟ್ಟೆಯಲ್ಲಿ ಉಜ್ಜಿ ತೊಳೆಯಿರಿ. ಅದು ಎಣ್ಣೆ, ಬರೀ ನೀರಿಗೆ ಹೋಗುವುದಿಲ್ಲ. ಪ್ಯಾಂಟು, ಶೂ ಲೇಸು, ಊರುಗೋಲಿನ ಹಿಡಿ, ಕಾರಿನ ಸೀಟಿಗೂ ಅದು ಅಂಟಿಕೊಂಡು ತಿಂಗಳುಗಟ್ಟಲೆ ಇರಬಹುದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಿರಿ.

ಉಣುಗಿನ ಬಗ್ಗೆ ಶಿವಮೊಗ್ಗ, ಸಾಗರದ ಕಡೆಯವರಿಗೆ ಹೇಳಬೇಕಿಲ್ಲ. ಅಲ್ಲಿ ಮಂಗನ ಕಾಯಿಲೆ, ಇಲ್ಲಿ ಲೈಮ್ ಕಾಯಿಲೆ. ವಸಂತದಲ್ಲಿ ಗಸಗಸೆ ಕಾಳಿನಷ್ಟು ಚಿಕ್ಕ ಮರಿ ಉಣುಗುಗಳು ಒಣಗೆಲೆಯಲ್ಲಿ, ಬಿದ್ದ ಮರದ ದಿಮ್ಮಿಯ ಮೇಲೆ ಇರುತ್ತವೆ. ದಿಮ್ಮಿಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂದೆ, ಕಂಕುಳು, ಸೊಂಟ, ಕೂದಲಿನ ಅಂಚು ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ.

ಬಾಲದಿಂದ ಸದ್ದು ಮಾಡುವ ವಿಷದ ಗಿಲಕಿ ಹಾವು (ರ‍್ಯಾಟಲ್‌ಸ್ನೇಕ್) ಬಿಸಿಲು ಕಾಯಲು ದಾರಿಯ ಮೇಲೇ ಮಲಗುತ್ತದೆ, ಹೆಚ್ಚಾಗಿ ಏಪ್ರಿಲ್‌ನಿಂದ ಬೇಸಿಗೆ ಮುಗಿಯುವವರೆಗೆ. ಒಣ ಅವರೆಕಾಯಿ ಅಲ್ಲಾಡಿಸಿದಂಥ ಸದ್ದು ಕೇಳಿದರೆ ನಿಲ್ಲಿ, ಎಲ್ಲಿದೆಯೆಂದು ನೋಡಿ, ಆಮೇಲೆ ಹಿಂದೆ ಸರಿಯಿರಿ. ಹೊರಳಿ ಓಡಿದರೆ ಅದರ ಮೇಲೇ ಕಾಲಿಡುವ ಸಂಭವವಿದೆ. ಸದ್ದು ಮಾಡದೆಯೂ ಕಚ್ಚಬಹುದಾದ್ದರಿಂದ ಕಾಣದ ಸಂದಿಗೆ ಕೈಯಿಡಬೇಡಿ. ಮಕ್ಕಳು ದಾರಿಯ ನಡುವೆಯೇ ನಡೆಯಲಿ, ಇಯರ್‌ಫೋನ್ ಮನೆಯಲ್ಲಿರಲಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಕೂರಿಸಿ, 911. ಕರೆ ಹೋಗದಿದ್ದರೆ ಒಬ್ಬರು ಜೊತೆಗಿದ್ದು ಇನ್ನೊಬ್ಬರು ಸಿಗ್ನಲ್ ಸಿಗುವ ದಿಣ್ಣೆಗೆ ಹೋಗಬೇಕು. ಹೊರಡುವ ಮುನ್ನವೇ ಟ್ರೇಲ್‌ನ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿದ್ದರೆ, ಹತ್ತಿರದ ಕವಲಿನ ಹೆಸರು ಹೇಳಿ ನೀವಿರುವ ಜಾಗವನ್ನು ಒಂದೇ ಮಾತಿನಲ್ಲಿ ತಿಳಿಸಬಹುದು.